ಬೂಸ್ಟ್ ಮೇಲೆ ಬಂದ ಅಪವಾದ: ಟರ್ಬೊ ಎಂಜಿನ್ನಿನ ಒಂದು ಕಾರ್ಬುರೇಟರ್ ಪ್ರಕರಣ

ಎಂಜಿನ್ 1.6 ಲೀಟರಿನದು, ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಕಾರ್ಖಾನೆಯಿಂದ ಬರುವಾಗ ಅದಕ್ಕೆ ಟರ್ಬೊ, ಅಂದರೆ ಎಕ್ಸಾಸ್ಟ್ ಅನಿಲದ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಇರಲಿಲ್ಲ. ಮಾಲೀಕರು ಹೆಡ್ ಬಿಚ್ಚಿಸಿ ಕಂಪ್ರೆಷನ್ ಅನುಪಾತವನ್ನು 9.2ರಿಂದ 8ಕ್ಕೆ ಇಳಿಸಿದ್ದರು, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸಣ್ಣದೊಂದು ಟರ್ಬೊ ಕೂರಿಸಿದ್ದರು, ಟರ್ಬೊ ಕೊಡುವ ಹೆಚ್ಚುವರಿ ಒತ್ತಡಕ್ಕೆ, ಅಂದರೆ ಬೂಸ್ಟಿಗೆ, ಮಿತಿ ಹಾಕುವ ವೇಸ್ಟ್‌ಗೇಟನ್ನು 0.5 ಬಾರ್‌ಗೆ (ವಾತಾವರಣದ ಒತ್ತಡದ ಸುಮಾರು ಅರ್ಧಕ್ಕೆ) ಹೊಂದಿಸಿದ್ದರು. ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇರಲಿಲ್ಲ. ಇಂಜೆಕ್ಷನ್ ವ್ಯವಸ್ಥೆಗೆ ಹೋಗುವ ಮನಸ್ಸಿಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾರ್ಬುರೇಟರನ್ನೇ, ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುವ ಎರಡು ನಾಳಗಳ (ಬ್ಯಾರೆಲ್) ಡೌನ್‌ಡ್ರಾಫ್ಟ್ ಮಾದರಿಯದನ್ನು, ಉಳಿಸಿಕೊಂಡು, ಅದರ ತಲೆಯ ಮೇಲೆ ಅಲ್ಯುಮಿನಿಯಂ ತಗಡಿನ ಗಾಳಿಪೆಟ್ಟಿಗೆಯೊಂದನ್ನು ಬಿಗಿದಿದ್ದರು. ಟರ್ಬೊ ಒತ್ತಿದ ಗಾಳಿ ಕೊಳವೆಯಲ್ಲಿ ಬಂದು ಈ ಪೆಟ್ಟಿಗೆಯನ್ನು ಹೊಕ್ಕು, ಅಲ್ಲಿಂದ ಕಾರ್ಬುರೇಟರಿನ ಮೂಲಕ ಎಂಜಿನ್ನಿಗೆ ಇಳಿಯುತ್ತದೆ. ಬ್ಲೋ-ಥ್ರೂ ಎನ್ನುವುದು ಈ ಜೋಡಣೆಗೆ.

ದೂರುಗಳು ಎರಡು. ಏರು ರಸ್ತೆಯಲ್ಲಿ ಅರ್ಧ ಥ್ರಾಟಲ್ ಹಿಡಿದು ಹೋಗುತ್ತಿದ್ದರೆ ಎಂಜಿನ್ ಇದ್ದಕ್ಕಿದ್ದಂತೆ ಸೊರಗಿ ನಿಂತೇ ಹೋಗುತ್ತದೆ. ಪೂರ್ತಿ ಥ್ರಾಟಲ್ ಒತ್ತಿದರೆ ಬೂಸ್ಟ್ ಏರುತ್ತಿದ್ದಂತೆ ಕಾರ್ಬುರೇಟರ್ ಕಡೆಯಿಂದ ಪಟಪಟ ಸದ್ದು ಬಂದು ಎಳೆತ ಸತ್ತುಹೋಗುತ್ತದೆ. ಎಕ್ಸಾಸ್ಟ್ ಕೊಳವೆಯಲ್ಲಿ ಕೂರಿಸಿದ್ದ ಆಮ್ಲಜನಕ ಸಂವೇದಕ ಪೂರ್ಣ ಭಾರದಲ್ಲಿ ಗಾಳಿ-ಇಂಧನ ಅನುಪಾತವನ್ನು 15ರ ಆಸುಪಾಸು ತೋರಿಸುತ್ತಿತ್ತು. ಒಂದು ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ರಸಾಯನ ಶಾಸ್ತ್ರ ಕೇಳುವುದು ತೂಕದಲ್ಲಿ 14.7 ಪಾಲು ಗಾಳಿ; ಅಂಕಿ ಏರಿದಷ್ಟೂ ಪೆಟ್ರೋಲ್ ಕಡಿಮೆ, ಮಿಶ್ರಣ ತೆಳು. ಬೂಸ್ಟಿನಲ್ಲಿರುವ ಎಂಜಿನ್ ಬದುಕಿ ಉಳಿಯಲು ಬೇಕಾದದ್ದು 11.5ರಿಂದ 12. ಸ್ಪಾರ್ಕ್ ಪ್ಲಗ್ಗುಗಳ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳಿದ್ದವು. ನಾಕಿಂಗ್, ಅಂದರೆ ಮಿಶ್ರಣ ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು, ಆಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಇನ್ನೂ ಕೆಲವು ದಿನ ಹೀಗೆಯೇ ಓಡಿಸಿದ್ದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತಿತ್ತು. ಆದ್ದರಿಂದ ನಾನು ಕೇಳಿಕೊಂಡ ಮೊದಲ ಮಾತು, ಕಾರನ್ನು ಇನ್ನು ರಸ್ತೆಯಲ್ಲಿ ಪರೀಕ್ಷಿಸುವುದು ಬೇಡ, ಮುಂದಿನದೆಲ್ಲ ಕಾರನ್ನು ನಿಂತಲ್ಲೇ ಉರುಳೆಗಳ ಮೇಲೆ ಓಡಿಸಿ ಅಳೆಯುವ ರೋಲರ್ ಡೈನಮೋಮೀಟರ್ ಮೇಲೆಯೇ ಆಗಲಿ ಎಂದು.

ಮಾಲೀಕರು ಸುಮ್ಮನೆ ಕೂತವರಲ್ಲ. ಮೊದಲ ಬ್ಯಾರೆಲ್ಲಿಗೆ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ಟನ್ನು 1.20 ಮಿಲಿಮೀಟರಿನಿಂದ 1.30ಕ್ಕೂ ಎರಡನೆಯದನ್ನು 1.25ರಿಂದ 1.35ಕ್ಕೂ ಏರಿಸಿದ್ದರು. ಅದರಿಂದಾದದ್ದು ಇಷ್ಟು: ಸಮ ವೇಗದಲ್ಲಿ ನಿಧಾನವಾಗಿ ಹೋಗುವಾಗ ಅನುಪಾತ 12.7ಕ್ಕೆ ಇಳಿದು ಪ್ಲಗ್ಗುಗಳಿಗೆ ಮಸಿ ಹತ್ತಿತು. ಪೂರ್ಣ ಭಾರದಲ್ಲಿ ಮಿಶ್ರಣ ಇನ್ನೂ ತೆಳುವಾಗಿಯೇ ಉಳಿಯಿತು. “ಇನ್ನೂ ದೊಡ್ಡ ಜೆಟ್ ಹಾಕಿದರೆ ಹೇಗೆ ಸರ್?” ಎಂದು ಅವರು ಕೇಳಿದರು. ಬೇಡ ಎಂದೆ. ಜೆಟ್ ಎಂದರೆ ಒಂದು ರಂಧ್ರ, ಅಷ್ಟೇ. ಅದನ್ನು ಹಿಗ್ಗಿಸಿದಾಗ ಬೇಡದ ಕಡೆ ಪೆಟ್ರೋಲ್ ಹೆಚ್ಚಾಗಿ, ಬೇಕಾದ ಕಡೆ ಸಾಲದೆ ಹೋದರೆ ಕೊರತೆ ಇರುವುದು ರಂಧ್ರದಲ್ಲಿ ಅಲ್ಲ, ಆ ರಂಧ್ರದ ಮೂಲಕ ಪೆಟ್ರೋಲನ್ನು ತಳ್ಳುವ ಒತ್ತಡದಲ್ಲಿ.

ಕಾರ್ಬುರೇಟರಿಗೆ ಗೊತ್ತಿರುವ ಒಂದೇ ಸಂಗತಿ

ಕಾರ್ಬುರೇಟರ್ ಪೆಟ್ರೋಲನ್ನು ಹೀರುತ್ತದೆ ಎಂದು ನಾವು ಹೇಳುತ್ತೇವೆ. ವಾಸ್ತವದಲ್ಲಿ ಪೆಟ್ರೋಲನ್ನು ಹೊರಗೆ ದೂಡುವುದು ಬೌಲ್ ಎಂಬ ಪುಟ್ಟ ಪೆಟ್ರೋಲ್ ತೊಟ್ಟಿಯಲ್ಲಿರುವ ಗಾಳಿಯ ಒತ್ತಡ. ಬ್ಯಾರೆಲ್ಲಿನ ನಡು ಕಿರಿದಾಗಿರುವ ಕಡೆ, ಅಂದರೆ ವೆಂಚುರಿಯಲ್ಲಿ, ಗಾಳಿ ವೇಗ ಪಡೆದು ಅದರ ಒತ್ತಡ ಬೀಳುತ್ತದೆ. ಬೌಲ್‌ನ ಮೇಲ್ಭಾಗಕ್ಕೆ ವೆಂಟ್ ಎಂಬ ಸಣ್ಣ ನಳಿಕೆಯ ಮೂಲಕ ಹೊರಗಿನ ಗಾಳಿಯ ಸಂಪರ್ಕವಿರುತ್ತದೆ. ಈ ಎರಡು ಒತ್ತಡಗಳ ನಡುವಿನ ಅಂತರವೇ ಪೆಟ್ರೋಲನ್ನು ಜೆಟ್ ಮೂಲಕ ವೆಂಚುರಿಗೆ ನೂಕುತ್ತದೆ. ಕಾರ್ಬುರೇಟರ್ ಒಂದು ತಕ್ಕಡಿ. ಎರಡು ತಟ್ಟೆಗಳ ನಡುವಿನ ವ್ಯತ್ಯಾಸ ಮಾತ್ರ ಅದಕ್ಕೆ ತಿಳಿಯುತ್ತದೆ, ಎರಡರಲ್ಲೂ ಎಷ್ಟೆಷ್ಟು ಭಾರವಿದೆ ಎಂಬುದು ತಿಳಿಯುವುದಿಲ್ಲ.

ಟರ್ಬೊ ಎಂಜಿನ್ನಿನಲ್ಲಿ ಕಾರ್ಬುರೇಟರಿನ ಬದುಕೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಗಾಳಿಪೆಟ್ಟಿಗೆಯಲ್ಲಿ 0.5 ಬಾರ್ ಬೂಸ್ಟ್ ಇದ್ದು ಬೌಲ್ ಮಾತ್ರ ಹೊರಗಿನ ವಾತಾವರಣಕ್ಕೆ ತೆರೆದಿದ್ದರೆ, ವೆಂಚುರಿಯ ಒತ್ತಡವೇ ಬೌಲ್‌ಗಿಂತ ಹೆಚ್ಚಾಗಿ ಗಾಳಿ ಜೆಟ್ಟಿನಲ್ಲಿ ಹಿಂದಕ್ಕೆ ನುಗ್ಗುತ್ತದೆ, ಪೆಟ್ರೋಲ್ ಬೌಲ್‌ನಿಂದ ಆಚೆ ಚಿಮ್ಮುತ್ತದೆ. ಆದ್ದರಿಂದ ಬೂಸ್ಟ್ ಎಲ್ಲೆಲ್ಲಿ ತಲುಪಬೇಕೋ ಅಲ್ಲೆಲ್ಲ ಒಂದೇ ಸಮ ತಲುಪಬೇಕು: ಬೌಲ್‌ಗೆ, ಪೆಟ್ರೋಲಿಗೆ ಗಾಳಿಯ ಗುಳ್ಳೆ ಬೆರೆಸುವ ಏರ್ ಬ್ಲೀಡ್ ಜೆಟ್ಟುಗಳಿಗೆ, ಪೆಟ್ರೋಲ್ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿಗೆ. ಒಂದನ್ನು ಮರೆತರೂ ಎಂಜಿನ್ನಿಗೆ ಪೆಟ್ರೋಲ್ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿಯೇ ಅದು ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಎಲ್ಲ ಕಡೆಯೂ ಬೂಸ್ಟ್ ಸಮನಾಗಿ ತಲುಪಿದರೂ ಗಾಳಿ ದಟ್ಟವಾದಂತೆ ಕಾರ್ಬುರೇಟರ್ ತನ್ನಷ್ಟಕ್ಕೆ ಮಿಶ್ರಣವನ್ನು ತೆಳುವಾಗಿಸುತ್ತದೆ. ಗಾತ್ರದ ಲೆಕ್ಕದಲ್ಲಿ ಅಷ್ಟೇ ಗಾಳಿ ಹಾದುಹೋಗುವಾಗ ಅದರ ತೂಕ ಸಾಂದ್ರತೆಗೆ ತಕ್ಕಂತೆ ಏರುತ್ತದೆ; ವೆಂಚುರಿಯ ಒತ್ತಡದ ಅಂತರವೂ ಅದೇ ಪ್ರಮಾಣದಲ್ಲಿ ಏರುತ್ತದೆ; ಆದರೆ ಪೆಟ್ರೋಲಿನ ಹರಿವು ಆ ಅಂತರದ ವರ್ಗಮೂಲದಷ್ಟು ಮಾತ್ರ ಏರುತ್ತದೆ. ಈ ಎಂಜಿನ್ನಿಗೆ ಲೆಕ್ಕ ಹಾಕೋಣ. 25 ಡಿಗ್ರಿಯ ಗಾಳಿಯನ್ನು 0.5 ಬಾರ್ ಒತ್ತಿದಾಗ, ಕಂಪ್ರೆಸರಿನ ದಕ್ಷತೆ 65 ಶೇಕಡಾ ಎಂದುಕೊಂಡರೆ, ಅದು ಸುಮಾರು 80 ಡಿಗ್ರಿಗೆ ಕಾಯುತ್ತದೆ. ಒತ್ತಡ ಒಂದೂವರೆ ಪಟ್ಟು ಆದರೂ ಕಾವಿನ ಕಾರಣ ಸಾಂದ್ರತೆ 1.26 ಪಟ್ಟು ಮಾತ್ರ. ಅದರ ವರ್ಗಮೂಲ 1.12. ಅಂದರೆ ಬೂಸ್ಟ್ ಇಲ್ಲದಾಗ 12 ಇದ್ದ ಅನುಪಾತ ಬೂಸ್ಟಿನಲ್ಲಿ ತಾನಾಗಿ 13.4ಕ್ಕೆ ಜಾರುತ್ತದೆ. ಇದು ದೋಷವಲ್ಲ, ಕಾರ್ಬುರೇಟರಿನ ಸ್ವಭಾವ. ಎತ್ತರದ ಬೆಟ್ಟಗಳಲ್ಲಿ ಮಿಶ್ರಣ ದಟ್ಟವಾಗುವುದೂ ಇದೇ ಸ್ವಭಾವದಿಂದ, ವಿರುದ್ಧ ದಿಕ್ಕಿನಲ್ಲಿ. ಬೂಸ್ಟಿಗೆಂದು ಜೆಟ್ ಸ್ವಲ್ಪ ಏರಿಸಬೇಕಾಗುವುದು ಈ ಕಾರಣಕ್ಕೆ. ಮಾಲೀಕರು ಏರಿಸಿದ್ದೂ ತಪ್ಪಲ್ಲ; ಆದರೆ ಹಾಗೆ ಏರಿಸಿದ ಮೇಲೂ 15 ಬರುವುದನ್ನು ಈ ಲೆಕ್ಕವೊಂದೇ ವಿವರಿಸುವುದಿಲ್ಲ.

ಮೊದಲ ದೋಷ: ತಪ್ಪು ಜಾಗದಿಂದ ಹೊರಟ ರಬ್ಬರ್ ಕೊಳವೆ

ಇಂಥ ಎಂಜಿನ್ ಬಂದರೆ ಎಲ್ಲರೂ ಮೊದಲು ನೋಡುವುದು ಪೆಟ್ರೋಲ್ ಪಂಪನ್ನು, ನೋಡಬೇಕಾದದ್ದೂ ಅದನ್ನೇ. ಕಾರ್ಬುರೇಟರಿನ ಬೌಲ್‌ಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಸಾಮಾನ್ಯವಾಗಿ 0.2ರಿಂದ 0.3 ಬಾರ್ ಒತ್ತಡಕ್ಕೆ ಹೊಂದಿಕೊಂಡಿರುತ್ತದೆ. ಬೌಲ್ ಒಳಗೆ 0.5 ಬಾರ್ ಬೂಸ್ಟ್ ಕೂತಿದ್ದರೆ 0.25 ಬಾರ್‌ನ ಪಂಪು ಒಂದು ಹನಿಯನ್ನೂ ಒಳಗೆ ತಳ್ಳಲಾರದು. ಆಗ ಬೌಲ್‌ನಲ್ಲಿದ್ದ ಪೆಟ್ರೋಲ್ ಇರುವಷ್ಟು ಹೊತ್ತು ಎಂಜಿನ್ ಚೆನ್ನಾಗಿ ಎಳೆದು, ಆಮೇಲೆ ಒಮ್ಮೆಲೇ ಬರಿದಾಗುತ್ತದೆ. ಆದ್ದರಿಂದ ಪಂಪಿನ ಒತ್ತಡ ಬೂಸ್ಟಿನ ಜೊತೆ ಸಮಸಮವಾಗಿ ಏರಬೇಕು: ಬೂಸ್ಟ್ 0.5 ಆದರೆ ಪೆಟ್ರೋಲ್ 0.75.

ಇಲ್ಲಿ ಆ ಏರ್ಪಾಡು ಇತ್ತು. ಬಲವಾದ ವಿದ್ಯುತ್ ಪಂಪು, ಟ್ಯಾಂಕಿಗೆ ವಾಪಸ್ ಕೊಳವೆ, ಬೂಸ್ಟ್ ಅರಿತು ಒತ್ತಡ ಏರಿಸುವ ರೆಗ್ಯುಲೇಟರ್, ಎಲ್ಲವೂ ಹೊಸವು. ನಿಮಿಷಕ್ಕೆ 4500 ಸುತ್ತುಗಳಲ್ಲಿ ಪೂರ್ಣ ಭಾರಕ್ಕೆ ಈ ಎಂಜಿನ್ ಗಂಟೆಗೆ ಸುಮಾರು 31 ಲೀಟರ್ ಕುಡಿಯುತ್ತದೆ, ಪಂಪು 0.75 ಬಾರ್ ಎದುರಿಗೂ ಅದಕ್ಕಿಂತ ಬಹಳ ಹೆಚ್ಚು ಕೊಡುತ್ತಿತ್ತು. ಪಂಪನ್ನು ಕೊಳ್ಳುವಾಗ ಜನ ನೋಡುವುದು ಡಬ್ಬದ ಮೇಲೆ ಅಚ್ಚಾದ ಲೀಟರ್ ಲೆಕ್ಕವನ್ನು. ಅದು ಎದುರೊತ್ತಡವೇ ಇಲ್ಲದಾಗಿನ ಲೆಕ್ಕ. ಒತ್ತಡ ಏರಿದಂತೆ ಹರಿವು ಬೀಳುತ್ತದೆ. ಅಳೆದೇ ನೋಡಬೇಕು.

ದೋಷ ಇದ್ದದ್ದು ರೆಗ್ಯುಲೇಟರಿಗೆ ಬೂಸ್ಟ್ ಸುದ್ದಿ ಒಯ್ಯುವ ತೆಳು ರಬ್ಬರ್ ಕೊಳವೆಯಲ್ಲಿ. ಅದನ್ನು ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಪ್ಲೇಟಿನ ಕೆಳಗೆ, ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಇಂಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿದ್ದರು. ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇರುವುದು ಹಾಗೆಯೇ, ಯಾಕೆಂದರೆ ಇಂಜೆಕ್ಟರಿನ ಮೂತಿ ಇರುವುದೇ ಮ್ಯಾನಿಫೋಲ್ಡಿನಲ್ಲಿ. ಕಾರ್ಬುರೇಟರಿನ ಬೌಲ್ ಅನುಭವಿಸುವುದು ಥ್ರಾಟಲ್ ಪ್ಲೇಟಿನ ಮೇಲಿನ ಒತ್ತಡವನ್ನು. ಪೂರ್ಣ ಥ್ರಾಟಲ್‌ನಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಹೆಚ್ಚು ಅಂತರ ಇರುವುದಿಲ್ಲವಾದ್ದರಿಂದ ಗೇಜ್ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತದೆ. ಅರ್ಧ ಥ್ರಾಟಲ್‌ನಲ್ಲಿ ಏರು ಹತ್ತುವಾಗ ಹಾಗಲ್ಲ. ಗಾಳಿಪೆಟ್ಟಿಗೆಯಲ್ಲಿ 0.3 ಬಾರ್ ಇದ್ದು, ಮ್ಯಾನಿಫೋಲ್ಡಿನಲ್ಲಿ ಸೊನ್ನೆ ಇರುತ್ತದೆ. ರೆಗ್ಯುಲೇಟರ್ ಸೊನ್ನೆಯನ್ನು ನಂಬಿ 0.25 ಬಾರ್ ಕೊಡುತ್ತದೆ. ಬೌಲ್‌ನಲ್ಲಿ 0.3 ಇದೆ. ಪೆಟ್ರೋಲ್ ಒಳಗೆ ಬರುವ ಮಾತೇ ಇಲ್ಲ.

ಕೊಳವೆಯನ್ನು ಮ್ಯಾನಿಫೋಲ್ಡಿನಿಂದ ಬಿಡಿಸಿ ಗಾಳಿಪೆಟ್ಟಿಗೆಗೆ ಜೋಡಿಸಿದೆವು. ಏರಿನಲ್ಲಿ ನಿಂತುಹೋಗುವ ಕಾಯಿಲೆ ಅಲ್ಲಿಗೆ ಮುಗಿಯಿತು. ಮಾಲೀಕರ ಮುಖ ಅರಳಿತು. ಪೂರ್ಣ ಥ್ರಾಟಲ್‌ನ 15 ಮಾತ್ರ ಕದಲಲಿಲ್ಲ.

ಉಳಿದ ಶಂಕಿತರನ್ನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಬೌಲ್‌ನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಟೊಳ್ಳಾದ ಹಿತ್ತಾಳೆಯದಾದರೆ ಬೂಸ್ಟಿನ ಒತ್ತಡಕ್ಕೆ ನಜ್ಜುಗುಜ್ಜಾಗಿ ಮುಳುಗುವುದುಂಟು. ಇಲ್ಲಿ ಇದ್ದದ್ದು ಒಳಗೆ ಟೊಳ್ಳಿಲ್ಲದ ಫೋಮ್ ಫ್ಲೋಟ್, ಅದಕ್ಕೆ ಏನೂ ಆಗಿರಲಿಲ್ಲ. ನೀಡಲ್ ವಾಲ್ವಿನ ರಂಧ್ರ ಸಾಲದಾಗಿರಬಹುದು ಎಂದುಕೊಂಡರೆ, ಓಟದ ನಡುವೆಯೇ ಎಂಜಿನ್ ಆರಿಸಿ ತೆಗೆದು ನೋಡಿದಾಗ ಬೌಲ್‌ನಲ್ಲಿ ಪೆಟ್ರೋಲಿನ ಮಟ್ಟ ಸರಿಯಾಗಿತ್ತು. ಥ್ರಾಟಲ್ ಶಾಫ್ಟಿನ ಬುಷ್ ಸವೆದು ಬೂಸ್ಟಿನಲ್ಲಿ ಪೆಟ್ರೋಲಿನ ಆವಿ ಹೊರಗೆ ಸೋರುತ್ತಿತ್ತು. ಅನುಪಾತಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಕಾದ ಟರ್ಬೊ ಪಕ್ಕದಲ್ಲಿ ಅದು ಬೆಂಕಿಗೆ ಕೊಟ್ಟ ಆಹ್ವಾನ. ಹೊಸ ಬುಷ್ ಮತ್ತು ರಬ್ಬರ್ ಸೀಲ್ ಹಾಕುವವರೆಗೆ ಮುಂದಿನ ಪರೀಕ್ಷೆ ನಡೆಸಲಿಲ್ಲ. ಎಂಜಿನ್ ನಿಂತೊಡನೆ ಪಂಪನ್ನೂ ನಿಲ್ಲಿಸುವ ರಿಲೇ ಇರಲಿಲ್ಲ, ಅದನ್ನೂ ಹಾಕಿಸಿದೆವು. 1981ರ ಮಸೆರಾಟಿ ಬೈಟರ್ಬೊದಲ್ಲಿ ಕಾರ್ಬುರೇಟರನ್ನೇ ಬೂಸ್ಟ್ ತುಂಬಿದ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಒಳಗೂ ಹೊರಗೂ ಒಂದೇ ಒತ್ತಡವಿದ್ದರೆ ಶಾಫ್ಟಿನ ಬಳಿ ಸೋರಲು ಕಾರಣವೇ ಉಳಿಯುವುದಿಲ್ಲ. ಜಾಗ ಇದ್ದವರಿಗೆ ಅದು ಸೊಗಸಾದ ದಾರಿ.

ಬೂಸ್ಟ್ ತೆಗೆದು ನೋಡಿದ ಪರೀಕ್ಷೆ

ಈ ಹಂತದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಲ್ಲ: ಮಿಶ್ರಣ ತೆಳುವಾಗುತ್ತಿರುವುದು ಬೂಸ್ಟಿನಿಂದಲೇ ಎಂದು ಹೇಳಿದವರು ಯಾರು? ಬೂಸ್ಟ್ ಗೇಜ್ ಏರುವಾಗ ತೊಂದರೆ ಬರುತ್ತದೆ ಎಂಬುದು ನಿಜ. ಆದರೆ ಅದೇ ಗಳಿಗೆಯಲ್ಲಿ ಇನ್ನೊಂದು ಘಟನೆಯೂ ನಡೆಯುತ್ತದೆ. ಕಾಲು ಪೂರ್ತಿ ಒತ್ತಿದಾಗ ಕಾರ್ಬುರೇಟರಿನ ಎರಡನೆಯ ಬ್ಯಾರೆಲ್ ತೆರೆಯುತ್ತದೆ. ಎರಡು ಘಟನೆಗಳು ಜೊತೆಯಾಗಿ ನಡೆಯುವಾಗ ಅಪವಾದ ಹೊಸದಾಗಿ ಬಂದವನ ಮೇಲೆ ಬೀಳುವುದು ಸಹಜ. ಇಲ್ಲಿ ಹೊಸಬ ಟರ್ಬೊ.

ಎರಡನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ. ವೇಸ್ಟ್‌ಗೇಟಿನ ತೋಳನ್ನು ತಂತಿಯಿಂದ ತೆರೆದ ಸ್ಥಿತಿಯಲ್ಲಿ ಕಟ್ಟಿದೆವು. ಎಕ್ಸಾಸ್ಟ್ ಅನಿಲ ಟರ್ಬೊವನ್ನು ತಿರುಗಿಸುವ ಟರ್ಬೈನನ್ನು ಹೊಗದೆ ಪಕ್ಕದಿಂದಲೇ ಆಚೆ ಹೋಯಿತು, ಬೂಸ್ಟ್ ಲೆಕ್ಕಕ್ಕೆ ಬಾರದಷ್ಟಾಯಿತು. ಪೂರ್ಣ ಥ್ರಾಟಲ್, 4500 ಸುತ್ತು. ಅನುಪಾತ 13.5.

ಈ ಸಂಖ್ಯೆ ಎರಡು ಸಂಗತಿಗಳನ್ನು ಹೇಳುತ್ತದೆ. ಒಂದು, 13.5ನ್ನು ಮೇಲೆ ಹೇಳಿದ 1.12ರಿಂದ ಗುಣಿಸಿದರೆ 15.1. ಅಂದರೆ ಬೂಸ್ಟ್ ತರುತ್ತಿರುವ ತೆಳುತನ ಲೆಕ್ಕಕ್ಕೆ ಸರಿಯಾಗಿ ಎಷ್ಟಿರಬೇಕೋ ಅಷ್ಟೇ ಇದೆ. ಇನ್ನೊಂದು, ಬೂಸ್ಟ್ ಇಲ್ಲದೆಯೂ ಈ ಕಾರ್ಬುರೇಟರ್ ತೆಳುವಾಗಿ ಓಡುತ್ತಿದೆ. ಅಷ್ಟು ದೊಡ್ಡ ಜೆಟ್ಟುಗಳಿಗೆ, ಪೂರ್ಣ ಥ್ರಾಟಲ್‌ನಲ್ಲಿ ತೆರೆಯುವ ಪವರ್ ವಾಲ್ವೂ ಸೇರಿ, ಅನುಪಾತ 11ರ ಹತ್ತಿರ ಇರಬೇಕಿತ್ತು. ಟರ್ಬೊ ಬರುವ ಮೊದಲು ಇದೇ ಕಾರ್ಬುರೇಟರ್ ಚಿಕ್ಕ ಜೆಟ್ಟುಗಳಲ್ಲಿಯೇ ಸರಿಯಾಗಿ ಓಡುತ್ತಿತ್ತು. ಅಂದಿನಿಂದ ಇಂದಿಗೆ ಕಾರ್ಬುರೇಟರಿನ ಸುತ್ತ ಬದಲಾದದ್ದೇನು? ಏರ್ ಫಿಲ್ಟರಿನ ಅಗಲವಾದ ಡಬ್ಬ ಹೋಗಿ ತಗಡಿನ ಗಾಳಿಪೆಟ್ಟಿಗೆ ಬಂದಿದೆ.

ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಉತ್ತರ ಕಣ್ಣಿಗೇ ಕಾಣುವಂತಿತ್ತು. ಬಾನೆಟ್ಟಿಗೆ ತಾಗಬಾರದೆಂದು ಪೆಟ್ಟಿಗೆಯನ್ನು ಗಿಡ್ಡ ಮಾಡಿದ್ದರು. ಟರ್ಬೊ ಕೊಳವೆ ಪಕ್ಕದಿಂದ ಬಂದು ಚಪ್ಪಟೆಯಾದ ಬಾಯಲ್ಲಿ ತೆರೆಯುತ್ತಿತ್ತು. ಆ ಬಾಯಿಯ ನೇರಕ್ಕೆ, ಎರಡು ಬೆರಳಿನ ದೂರದಲ್ಲಿ, ಬೌಲ್ ವೆಂಟಿನ ನಳಿಕೆ ತಲೆ ಎತ್ತಿ ನಿಂತಿತ್ತು. ಒಳಗೆ ನುಗ್ಗಿದ ಗಾಳಿಯೆಲ್ಲ ಅದರ ತುದಿಯನ್ನು ಸವರಿಕೊಂಡು ಹೋಗುತ್ತದೆ. ಕೊಳವೆಯ ತುದಿಗೆ ಅಡ್ಡಲಾಗಿ ಗಾಳಿ ರಭಸದಿಂದ ಬೀಸಿದರೆ ಆ ತುದಿಯಲ್ಲಿ ಒತ್ತಡ ಬೀಳುತ್ತದೆ. ವೆಂಚುರಿಯಲ್ಲಿ ನಾವು ಬೇಕೆಂದು ಮಾಡಿಸುವ ಕೆಲಸವನ್ನೇ ಇಲ್ಲಿ ಬೌಲ್‌ನ ಉಸಿರಿನ ಜಾಗದಲ್ಲಿ ಅರಿಯದೆ ಮಾಡಿಸಿದಂತಾಗಿತ್ತು.

ಎಷ್ಟು ಎಂಬುದನ್ನೂ ಅಂದಾಜಿಸಬಹುದು. ಆ ಸುತ್ತಿನಲ್ಲಿ ಎಂಜಿನ್ ಸೆಕೆಂಡಿಗೆ ಸುಮಾರು 51 ಲೀಟರ್ ಗಾಳಿ ಎಳೆಯುತ್ತದೆ. ಚಪ್ಪಟೆ ಬಾಯಿಯ ವಿಸ್ತೀರ್ಣ ಸುಮಾರು 10 ಚದರ ಸೆಂಟಿಮೀಟರ್. ಅಂದರೆ ಗಾಳಿಯ ವೇಗ ಸೆಕೆಂಡಿಗೆ 51 ಮೀಟರ್. ಬೂಸ್ಟಿನ ಸಾಂದ್ರತೆಯಲ್ಲಿ ಆ ವೇಗಕ್ಕೆ ಬೀಳಬಲ್ಲ ಒತ್ತಡ 2 ಕಿಲೊಪ್ಯಾಸ್ಕಲ್‌ನ ಆಸುಪಾಸು. ಅಂಕಿ ಸಣ್ಣದು. ಬೂಸ್ಟೇ 50 ಕಿಲೊಪ್ಯಾಸ್ಕಲ್ ಇರುವಾಗ 2 ಯಾವ ಲೆಕ್ಕ ಎನ್ನಿಸುತ್ತದೆ. ಆದರೆ ಜೆಟ್ಟಿನ ಮೂಲಕ ಪೆಟ್ರೋಲ್ ತಳ್ಳುವ ಇಡೀ ಬಲವೇ, 23 ಮತ್ತು 25 ಮಿಲಿಮೀಟರಿನ ವೆಂಚುರಿಗಳಿರುವ ಈ ಕಾರ್ಬುರೇಟರಿನಲ್ಲಿ, ಒಳಗಿನ ಪುಟ್ಟ ಬೂಸ್ಟರ್ ವೆಂಚುರಿಯ ನೆರವೂ ಸೇರಿ, 5 ಕಿಲೊಪ್ಯಾಸ್ಕಲ್ ಅಷ್ಟೇ. ಕಾರ್ಬುರೇಟರ್ ಪ್ರಪಂಚದಲ್ಲಿ ಅಂಕಿಗಳು ಇಷ್ಟು ಸಣ್ಣವು ಎಂಬುದನ್ನು ಬಾರ್‌ಗಳಲ್ಲಿ ಯೋಚಿಸುವ ಟರ್ಬೊ ಜನ ಮರೆಯುತ್ತಾರೆ.

ಅಂದಾಜು ಸಾಲದು, ಅಳೆಯಬೇಕು. ಬೌಲ್‌ನ ಗಾಳಿಯ ಜಾಗಕ್ಕೊಂದು, ಪೆಟ್ಟಿಗೆಯಲ್ಲಿ ಗಾಳಿ ನಿಶ್ಚಲವಾಗಿರುವ ಮೂಲೆಗೊಂದು ಸಣ್ಣ ನಳಿಕೆ ಕೂರಿಸಿ, ಎರಡನ್ನೂ ನೀರು ತುಂಬಿದ ಯು ಆಕಾರದ ಪಾರದರ್ಶಕ ಕೊಳವೆಯ ಎರಡು ತುದಿಗೆ ಜೋಡಿಸಿದೆವು. ಎರಡೂ ತುದಿಗಳಿಗೆ ಬೂಸ್ಟ್ ಸಮನಾಗಿ ಒತ್ತುವುದರಿಂದ ಅದು ರದ್ದಾಗಿ, ನಮಗೆ ಬೇಕಾದ ಸಣ್ಣ ಅಂತರ ಮಾತ್ರ ನೀರಿನ ಮಟ್ಟದಲ್ಲಿ ಕಾಣುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ, ಜೋಡಣೆಗಳು ಬಿಗಿಯಾಗಿದ್ದರೆ ಸಾಕು. ಸಮ ವೇಗದಲ್ಲಿ ನೀರು ಅಲುಗಿತೋ ಇಲ್ಲವೋ ಎಂಬಂತಿತ್ತು. ಬೂಸ್ಟ್ ಇಲ್ಲದ ಪೂರ್ಣ ಥ್ರಾಟಲ್‌ನಲ್ಲಿ 12 ಸೆಂಟಿಮೀಟರ್ ಅಂತರ. ಬೂಸ್ಟಿನೊಂದಿಗೆ 15 ಸೆಂಟಿಮೀಟರ್, ಅಂದರೆ 1.5 ಕಿಲೊಪ್ಯಾಸ್ಕಲ್. ಐದರಲ್ಲಿ ಒಂದೂವರೆ ಕಳೆದರೆ ಉಳಿಯುವುದು ಮೂರೂವರೆ, 0.7ರ ವರ್ಗಮೂಲ 0.84. ಪೆಟ್ರೋಲ್ 16 ಶೇಕಡಾ ಕಡಿಮೆ.

ನಿಧಾನವಾಗಿ ಹೋಗುವಾಗ ಈ ದೋಷ ಯಾಕೆ ಕಾಣಲಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ನನಗೆ ಇಡೀ ಪ್ರಕರಣದಲ್ಲಿ ಇಷ್ಟವಾದ ಭಾಗವೂ ಇದೇ. ಒಂದೇ ಬ್ಯಾರೆಲ್ ತೆರೆದಿರುವಾಗ ಗಾಳಿಯೆಲ್ಲ 23 ಮಿಲಿಮೀಟರಿನ ಒಂದೇ ವೆಂಚುರಿಯಲ್ಲಿ ನುಸುಳಬೇಕು. ಪೆಟ್ಟಿಗೆಯ ಬಾಯಲ್ಲಿ ಗಾಳಿ ನಿಧಾನ, ವೆಂಚುರಿಯಲ್ಲಿ ಜೋರು. ಎರಡನೆಯದೂ ತೆರೆದಾಗ ವೆಂಚುರಿಗಳ ಒಟ್ಟು ವಿಸ್ತೀರ್ಣ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಪೆಟ್ಟಿಗೆಯ ಬಾಯಿ ಮಾತ್ರ ಇದ್ದಷ್ಟೇ. ವೆಂಚುರಿಯಲ್ಲಿ ಅದೇ ವೇಗ ಬರಬೇಕಾದರೆ ಬಾಯಲ್ಲಿ ಎರಡು ಪಟ್ಟು ಮೀರಿದ ವೇಗ ಬೇಕು. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬೀಳುವುದರಿಂದ ವೆಂಟಿನ ನಷ್ಟ ಸುಮಾರು ಐದು ಪಟ್ಟು ಆಗುತ್ತದೆ. ಒಂದು ಬ್ಯಾರೆಲ್ಲಿನಲ್ಲಿ 3 ಶೇಕಡಾ ಇದ್ದ ಕೊರತೆ ಎರಡು ಬ್ಯಾರೆಲ್ಲಿನಲ್ಲಿ 16 ಶೇಕಡಾ ಆಗುವುದು ಹೀಗೆ. ಜೆಟ್ ಹಿಗ್ಗಿಸಿದ್ದರಿಂದ ಸಮ ವೇಗದಲ್ಲಿ ಮಸಿ ಹತ್ತಿ, ಪೂರ್ಣ ಭಾರದಲ್ಲಿ ಹಸಿವು ನೀಗದೆ ಹೋದದ್ದೂ ಇದರಿಂದಲೇ.

ದುರಸ್ತಿ

ಕೆಲವರು ವೆಂಟ್ ನಳಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ ಗಾಳಿ ಬರುವ ದಿಕ್ಕಿಗೆ ಮುಖ ಮಾಡುತ್ತಾರೆ. ಆಗ ಒತ್ತಡ ಬೀಳುವ ಬದಲು ಏರುತ್ತದೆ, ಮಿಶ್ರಣ ದಟ್ಟವಾಗುತ್ತದೆ, ಗೇಜ್ ನೋಡಿ ಎಲ್ಲರೂ ಸಂತೋಷಪಡುತ್ತಾರೆ. ನನಗೆ ಈ ಉಪಾಯ ಹಿಡಿಸುವುದಿಲ್ಲ. ಒಂದು ತಪ್ಪನ್ನು ಅದರ ಎದುರು ತಪ್ಪಿನಿಂದ ತೂಗಿಸಿದಂತೆ ಅದು. ಸುತ್ತು ಬದಲಾದರೆ, ಕೊಳವೆಯ ಬಾಗು ಬದಲಾದರೆ ಲೆಕ್ಕವೂ ತಪ್ಪುತ್ತದೆ.

ಮಾಡಿದ್ದು ಇಷ್ಟು. ಪೆಟ್ಟಿಗೆಯನ್ನು 40 ಮಿಲಿಮೀಟರ್ ಎತ್ತರಿಸಿ, ಬಾಯಿಯನ್ನು ದುಂಡಗೆ ಅಗಲ ಮಾಡಿ, ಒಳಬರುವ ಗಾಳಿ ನೇರ ನುಗ್ಗದಂತೆ ರಂಧ್ರಗಳಿರುವ ತಗಡೊಂದನ್ನು ಅಡ್ಡ ಇಟ್ಟೆವು. ವೆಂಟ್ ನಳಿಕೆಯನ್ನು ಉದ್ದ ಮಾಡಿ ಪೆಟ್ಟಿಗೆಯ ನಿಶ್ಚಲ ಮೂಲೆಗೆ ಒಯ್ದೆವು. ಏರ್ ಬ್ಲೀಡ್ ಜೆಟ್ಟುಗಳಿಗೂ ಅದೇ ತಗಡಿನ ಮರೆ ಸಿಕ್ಕಿತು. ಬಾನೆಟ್ಟಿನ ಒಳಪಟ್ಟಿಯನ್ನು ಸ್ವಲ್ಪ ಕತ್ತರಿಸಬೇಕಾಯಿತು. ಮಾಲೀಕರಿಗೆ ಅದು ನೋವಿನ ಸಂಗತಿ, ಒಪ್ಪಿದರು.

ಜೆಟ್ ಮುಟ್ಟದೆ ಮತ್ತೆ ಓಡಿಸಿದಾಗ ನೀರಿನ ಅಂತರ ಒಂದೂವರೆ ಸೆಂಟಿಮೀಟರಿಗೆ ಇಳಿದಿತ್ತು. 0.5 ಬಾರ್‌ನಲ್ಲಿ ಅನುಪಾತ 15.1ರಿಂದ 12.8. ಆಮೇಲೆ ಮೊದಲ ಬ್ಯಾರೆಲ್ಲಿನ ಜೆಟ್ಟನ್ನು ಹಳೆಯ 1.20ಕ್ಕೇ ಮರಳಿಸಿ, ಎರಡನೆಯದನ್ನು 1.45ಕ್ಕೆ ಏರಿಸಿ, ಪವರ್ ವಾಲ್ವಿನ ರಂಧ್ರವನ್ನು ತುಸು ಹಿಗ್ಗಿಸಿದೆವು. ಸಮ ವೇಗದಲ್ಲಿ 14.5, ಪೂರ್ಣ ಭಾರದಲ್ಲಿ 11.8. ಬೂಸ್ಟಿನ ಸಾಂದ್ರತೆಗಾಗಿ ಕೊಡಬೇಕಾದ ಹೆಚ್ಚುವರಿ ಪೆಟ್ರೋಲು ಹೀಗೆ ಪೂರ್ಣ ಭಾರದಲ್ಲಿ ಮಾತ್ರ ಕೆಲಸ ಮಾಡುವ ಮಾರ್ಗಗಳಿಂದ ಬಂದಿತು. ಇಗ್ನಿಷನ್ ಬಗ್ಗೆ ಒಂದೇ ಮಾತು: ಪೂರ್ಣ ಬೂಸ್ಟಿನಲ್ಲಿ ಕಿಡಿಯನ್ನು ಮೊದಲಿಗಿಂತ 7 ಡಿಗ್ರಿ ತಡ ಮಾಡಿದೆವು, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಬ್ಬಿಗೆ ಬೂಸ್ಟ್ ನುಗ್ಗದಂತೆ ಒಮ್ಮುಖ ವಾಲ್ವ್ ಹಾಕಿದೆವು. ಪ್ಲಗ್ಗಿನ ಚುಕ್ಕೆಗಳು ಮತ್ತೆ ಬರಲಿಲ್ಲ.

ಕಾರ್ಬುರೇಟರನ್ನು ಟರ್ಬೊಗೆ ಮೊದಲೇ ಇಟ್ಟಿದ್ದರೆ?

ತೊಂದರೆಗಳ ನಡುವೆ ಮಾಲೀಕರಿಗೆ ಒಬ್ಬರು ಈ ಸಲಹೆ ಕೊಟ್ಟಿದ್ದರು, ಅದನ್ನು ತಳ್ಳಿಹಾಕುವಂತಿಲ್ಲ. ಗಾಳಿಯ ದಾರಿಯಲ್ಲಿ ಕಾರ್ಬುರೇಟರ್ ಟರ್ಬೊ ನಂತರ ಇರದೆ ಅದಕ್ಕಿಂತ ಮೊದಲೇ ಇದ್ದರೆ ಅದಕ್ಕೆ ಬೂಸ್ಟ್ ಎಂಬುದೇ ಗೊತ್ತಾಗುವುದಿಲ್ಲ. ಸಾಮಾನ್ಯ ಪಂಪು ಸಾಕು, ಸೀಲ್ ಬೇಡ, ಫ್ಲೋಟಿನ ಚಿಂತೆಯಿಲ್ಲ, ಸಾಂದ್ರತೆಯ ವರ್ಗಮೂಲವೂ ಇಲ್ಲ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮಾಂಜಾ ಸ್ಪೈಡರ್ ಎರಡೂ ಈ ದಾರಿಯವು. 1978ರ ಬ್ಯುಯಿಕ್ ವಿ6 ಟರ್ಬೊ ಕೂಡ. ಜೆಟ್‌ಫೈರ್‌ನವರು ಕಂಪ್ರೆಷನ್ನನ್ನು 10.25ರಲ್ಲೇ ಇಟ್ಟು, ನಾಕಿಂಗ್ ತಡೆಯಲು ನೀರು-ಮೆಥನಾಲ್ ದ್ರಾವಣವನ್ನು ಬೇರೆ ಟ್ಯಾಂಕಿನಿಂದ ಸಿಂಪಡಿಸುತ್ತಿದ್ದರು. ಆ ಟ್ಯಾಂಕ್ ತುಂಬಿಸಲು ಮರೆಯುವ ಮಾಲೀಕರೂ ಇರುತ್ತಾರೆ ಎಂಬುದನ್ನು ಅವರು ಬೇಗನೆ ಕಲಿತರು.

ಹಾಗೆ ಮೊದಲೇ ಇಡುವುದಕ್ಕೆ ತೆರಬೇಕಾದ ಬೆಲೆ ಬೇರೆ ಥರದ್ದು. ಥ್ರಾಟಲ್ ಮುಚ್ಚಿದಾಗ ಕಂಪ್ರೆಸರ್ ಒಳಗೆ ನಿರ್ವಾತ ಹುಟ್ಟಿ ಟರ್ಬೊ ಶಾಫ್ಟಿನಿಂದ ಆಯಿಲ್ ಎಳೆಯುತ್ತದೆ. ಅದಕ್ಕೆ ಕಾರ್ಬನ್ ಸೀಲ್ ಇರುವ ಟರ್ಬೊವೇ ಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ದಾರಿಯುದ್ದಕ್ಕೂ ಗೋಡೆಗೆ ಅಂಟಿಕೊಳ್ಳುತ್ತದೆ. ಇಂಟರ್‌ಕೂಲರ್ ಹಾಕಿದರೆ ಅದು ಪೆಟ್ರೋಲ್ ಹನಿಗಟ್ಟುವ ತೊಟ್ಟಿಯಾಗುತ್ತದೆ, ಹಿಂದಕ್ಕೆ ಒಂದು ಕಿಡಿ ಹಾರಿದರೆ ಸ್ಫೋಟಿಸಬಲ್ಲ ತೊಟ್ಟಿ. ಆದ್ದರಿಂದ ಮುಂದೆ ಎಂದಾದರೂ ಗಾಳಿಯನ್ನು ತಂಪು ಮಾಡುವ ಆಸೆಯಿದ್ದವರು ಕಾರ್ಬುರೇಟರನ್ನು ಟರ್ಬೊ ನಂತರವೇ ಇಟ್ಟುಕೊಳ್ಳಬೇಕು. ಎರಡನೆಯ ಮಹಾಯುದ್ಧದ ಬಿ-17 ಬಾಂಬರಿನಲ್ಲಿ ಟರ್ಬೊ, ಅದರ ನಂತರ ಇಂಟರ್‌ಕೂಲರ್, ಅದರ ನಂತರ ಕಾರ್ಬುರೇಟರ್ ಇತ್ತು. ಕಾರ್ಬುರೇಟರ್ ಆದಮೇಲೆ ಎಂಜಿನ್ ಗೇರಿನಿಂದ ತಿರುಗುವ ಇನ್ನೊಂದು ಕಂಪ್ರೆಸರ್. ಎರಡೂ ಪದ್ಧತಿಗಳು ಒಂದೇ ಎಂಜಿನ್ನಿನಲ್ಲಿ. ರಸ್ತೆಯ ಮೇಲೆ 1980ರ ಲೋಟಸ್ ಎಸ್ಪ್ರಿ ಟರ್ಬೊ, 1982ರ ಯಮಹಾ ಎಕ್ಸ್‌ಜೆ650 ಟರ್ಬೊ ಬೈಕು, 1985ರ ರೆನೊ 5 ಜಿಟಿ ಟರ್ಬೊ ಇವೆಲ್ಲ ಬೂಸ್ಟನ್ನು ಕಾರ್ಬುರೇಟರಿನ ಮೂಲಕವೇ ಹಾಯಿಸಿದವು.

ಉಳಿದುಕೊಂಡ ತಾಪತ್ರಯ

ಒಂದು ಕಾಯಿಲೆ ಪೂರ್ತಿ ವಾಸಿಯಾಗಿಲ್ಲ. 80 ಡಿಗ್ರಿಯ ಗಾಳಿ ಹಾಯುವ ಕಾರ್ಬುರೇಟರ್ ತಾನೂ ಕಾಯುತ್ತದೆ. ಬೂಸ್ಟ್ ಇರುವವರೆಗೆ ಬೌಲ್‌ನಲ್ಲಿ ಒತ್ತಡವಿರುವುದರಿಂದ ಪೆಟ್ರೋಲ್ ಕುದಿಯದೆ ತಡೆದುಕೊಂಡಿರುತ್ತದೆ. ಉದ್ದವಾದ ಎಳೆತದ ನಂತರ ಕಾಲು ತೆಗೆದೊಡನೆ ಒತ್ತಡ ಇಳಿದು ಅದು ನೊರೆಯಂತೆ ಉಕ್ಕುತ್ತದೆ. ಎಂಜಿನ್ ಒಂದೆರಡು ಬಾರಿ ಮುಗ್ಗರಿಸುತ್ತದೆ. ಕಾದ ಎಂಜಿನ್ನನ್ನು ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚಾಲೂ ಮಾಡಲು ಹೋದರೂ ಇದೇ ಕಥೆ. ರೆನೊದವರಿಗೂ ಇದೇ ತಲೆನೋವು ಇತ್ತು. ಜಿಟಿ ಟರ್ಬೊದಲ್ಲಿ ಕಾರ್ಬುರೇಟರಿಗೆ ಗಾಳಿ ಊದಲೆಂದೇ ಒಂದು ಫ್ಯಾನ್ ಇಟ್ಟಿದ್ದರು. ನಾವು ಕಾರ್ಬುರೇಟರಿನ ಕೆಳಗೆ ದಪ್ಪನೆಯ ಶಾಖನಿರೋಧಕ ತುಂಡು ಇಟ್ಟು, ಟರ್ಬೊ ಪಕ್ಕಕ್ಕೆ ತಗಡಿನ ಮರೆ ಕಟ್ಟಿ, ಸಣ್ಣ ಫ್ಯಾನೊಂದನ್ನು ಕೂರಿಸಿದ್ದೇವೆ. ಸುಧಾರಿಸಿದೆ.

ಎಂಜಿನ್ ಸರಿಹೋದ ಮೇಲೆ ಮಾಲೀಕರು ಕೇಳಿದ ಮೊದಲ ಪ್ರಶ್ನೆ, “ಇನ್ನು 0.8 ಬಾರ್ ಮಾಡಬಹುದಲ್ಲವೇ?” ಅವರೊಡನೆ ಕೂತು ಅದನ್ನೂ ಲೆಕ್ಕ ಹಾಕಿದೆ. ಪಂಪು 1.05 ಬಾರ್ ಒತ್ತಡದಲ್ಲಿ ಪೆಟ್ರೋಲ್ ಕೊಡಬೇಕು, ಕೊಡಬಲ್ಲದು. ಅದೇ ದಕ್ಷತೆಯಲ್ಲಿ ಗಾಳಿ 109 ಡಿಗ್ರಿಗೆ ಕಾಯುತ್ತದೆ. ಸಾಂದ್ರತೆ 1.26ರಿಂದ 1.40ಕ್ಕೆ ಏರುತ್ತದೆ, ಅಂದರೆ 11 ಶೇಕಡಾ ಹೆಚ್ಚು ಗಾಳಿ. ಅದಕ್ಕಾಗಿ 28 ಡಿಗ್ರಿ ಹೆಚ್ಚು ಕಾವು, ಕುದಿಯಲು ಕಾದು ಕೂತಿರುವ ಬೌಲ್, ನಾಕಿಂಗ್ ತಡೆಯಲು ಇನ್ನೂ ತಡವಾದ ಕಿಡಿ. ಬೂಸ್ಟನ್ನು 0.5ರಲ್ಲೇ ಬಿಟ್ಟು ಇಂಟರ್‌ಕೂಲರ್ ಹಾಕಿ ಗಾಳಿಯನ್ನು 45 ಡಿಗ್ರಿಗೆ ಇಳಿಸಿದರೂ ಸಾಂದ್ರತೆ ಅದೇ 1.40ರ ಹತ್ತಿರ ಬರುತ್ತದೆ, ಕಾವಿನ ಕಾಟವಿಲ್ಲದೆ. ಅವರು ಈಗ ಗ್ರಿಲ್ ಹಿಂದೆ ಅಳತೆ ಪಟ್ಟಿ ಹಿಡಿದು ಇಂಟರ್‌ಕೂಲರಿಗೆ ಜಾಗ ಹುಡುಕುತ್ತಿದ್ದಾರೆ. ಅದು ಬಂದ ಮೇಲೆ ಕೊಳವೆಯ ದಾರಿ ಬದಲಾಗುತ್ತದೆ, ಗಾಳಿಪೆಟ್ಟಿಗೆಯ ಒಳಗಿನ ಹರಿವೂ ಬದಲಾಗುತ್ತದೆ; ಆದ್ದರಿಂದ ನೀರಿನ ಕೊಳವೆಯ ಎರಡು ನಳಿಕೆಗಳನ್ನು ತೆಗೆಯದೆ, ತುದಿಗೆ ಬಿರಡೆ ಹಾಕಿ ಅಲ್ಲಿಯೇ ಬಿಟ್ಟಿದ್ದೇವೆ.